ಕಾನೂನು ಕುದುರೆಯನ್ನು ತಡೆಯಲಿಲ್ಲ, ಬಿದ್ದ ಮರ ತಡೆಯಿತು

"ಅಮೆರಿಕದ ವಿಲ್ಡರ್ನೆಸ್ ಕಾಡುಗಳಲ್ಲಿ ಸೈಕಲ್ ತುಳಿಯುವಂತಿಲ್ಲ, ಕುದುರೆಯನ್ನು ಮಾತ್ರ ಯಾಕೆ ಬಿಡುತ್ತಾರೆ? ಇದು ದುಡ್ಡಿದ್ದವರ ಕಾನೂನಾ? ಜುಲೈನಲ್ಲಿ ಮಗನ ಮನೆಗೆ ಬಂದಾಗ ಸಿಯೆರಾ ಬೆಟ್ಟದಲ್ಲಿ ನಡೆಯುವ ಆಸೆ ಇದೆ. ಎದುರಿಗೆ ಕುದುರೆ ಬಂದರೆ ಏನು ಮಾಡಬೇಕು?" ಎಂದು ಕೇಳಿದ್ದೀರಿ. ನಾನು ಉತ್ತರ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಎಂಟು ವರ್ಷ ಬೆನ್ನಿಗೆ ಚೀಲ ಹಾಕಿಕೊಂಡು ನಡೆದವಳು. ಈಗ ನಾಲ್ಕು ವರ್ಷದಿಂದ ಇನ್ನೊಬ್ಬರ ಜೊತೆ ಖರ್ಚು ಹಂಚಿಕೊಂಡು ಒಂದು ಹೆಣ್ಣು ಕುದುರೆ ಸಾಕುತ್ತಿದ್ದೇನೆ. ಎರಡೂ ಕಡೆಯವರಿಂದ ಬೈಸಿಕೊಂಡಿದ್ದೇನೆ.

ಮೊದಲು ಕಾನೂನು. ವಿಲ್ಡರ್ನೆಸ್ ಅಂದರೆ ಇಲ್ಲಿ ಯಾವುದೋ ಒಂದು ಕಾಡು ಅಂತಲ್ಲ. 1964ರ ವಿಲ್ಡರ್ನೆಸ್ ಕಾಯ್ದೆಯಂತೆ ಇಲ್ಲಿನ ಸಂಸತ್ತು ಗೆರೆ ಎಳೆದು ಗುರುತಿಸಿದ ಸರ್ಕಾರಿ ಜಮೀನು. ಅಂಥವು ಈಗ 800ಕ್ಕೂ ಜಾಸ್ತಿ ಇವೆ, ಎಲ್ಲ ಸೇರಿ 11 ಕೋಟಿ ಎಕರೆಗೂ ಹೆಚ್ಚು. ಅದರೊಳಗೆ ಮೋಟಾರು ಗಾಡಿ ಬೇಡ, ಮೋಟಾರಿನ ಉಪಕರಣ ಬೇಡ, ಯಾವುದೇ ಬಗೆಯ ಯಾಂತ್ರಿಕ ಸಾಗಣೆಯೂ ಬೇಡ ಎನ್ನುತ್ತದೆ ಕಾಯ್ದೆ. ಜಗಳವೆಲ್ಲ ಈ ಕೊನೆಯ ಮಾತಿನದು. ಕಾಲಿನಿಂದ ತುಳಿಯುವ ಸೈಕಲ್ಲು ಯಂತ್ರವೇ? 1966ರಲ್ಲಿ ಅರಣ್ಯ ಇಲಾಖೆ ಬರೆದ ನಿಯಮದಲ್ಲಿ ಯಾಂತ್ರಿಕ ಅಂದರೆ ಜೀವವಿಲ್ಲದ ಶಕ್ತಿಯಿಂದ ಓಡುವುದು ಎಂಬ ಅರ್ಥ ಇತ್ತು. 1984ರ ಹೊತ್ತಿಗೆ ಸೈಕಲ್ಲೂ ಬೇಡ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಹಾಗಾಗಿ ಸೈಕಲ್ಲಿನವರ ಸಿಟ್ಟು ಪೂರ್ತಿ ಸುಳ್ಳಲ್ಲ. ಕುದುರೆಗೆ ಚಕ್ರವಿಲ್ಲ, ಗೇರಿಲ್ಲ, ಯಾವ ಕಡೆಯಿಂದ ನೋಡಿದರೂ ಅದು ಯಂತ್ರವಲ್ಲ. ಕಾಯ್ದೆ ಬರುವ ಎಷ್ಟೋ ಮೊದಲಿನಿಂದ ಈ ಬೆಟ್ಟಗಳಿಗೆ ಜನ ಕುದುರೆ, ಹೇಸರಗತ್ತೆಗಳ ಮೇಲೇ ಸಾಮಾನು ಹೊರಿಸಿಕೊಂಡು ಹೋಗುತ್ತಿದ್ದರು. ಅಷ್ಟೇ ವಿಷಯ.

ಬಿಡುತ್ತಾರೆ ಅಂದಮಾತ್ರಕ್ಕೆ ಸುಮ್ನೆ ನುಗ್ಗುವ ಹಾಗಿಲ್ಲ. ಸಿಯೆರಾ ಬೆಟ್ಟದ ಜಾನ್ ಮ್ಯೂರ್ ವಿಲ್ಡರ್ನೆಸ್‌ನಲ್ಲಿ ಒಂದು ಗುಂಪಿನಲ್ಲಿ 15 ಜನ, 25 ಪ್ರಾಣಿ, ಅದಕ್ಕಿಂತ ಹೆಚ್ಚಿಲ್ಲ. ರಾತ್ರಿ ಉಳಿಯಲು ಪರ್ಮಿಟ್ ಬೇಕು. ಅಲ್ಲಿಯದೇ ಸಿಕೋಯಾ–ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನಗಳಲ್ಲಿ ಹುಲ್ಲುಗಾವಲಿನ ನೆಲ ಒಣಗುವ ತನಕ ಮೇಯಲು ಬಿಡುವುದಿಲ್ಲ. ಹಿಮ ಜಾಸ್ತಿ ಬಿದ್ದ ವರ್ಷ ಆ ದಿನಾಂಕವೇ ಮುಂದಕ್ಕೆ ಹೋಗುತ್ತದೆ. ಮೊಂಟಾನಾ, ಕೊಲರಾಡೊ ಕಡೆಯ ರಾಷ್ಟ್ರೀಯ ಅರಣ್ಯಗಳಿಗೆ ಕಳೆಬೀಜ ಇಲ್ಲ ಎಂದು ಸರ್ಟಿಫಿಕೇಟ್ ಇರುವ ಹುಲ್ಲನ್ನೇ ಒಯ್ಯಬೇಕು. ಹೊರಡುವ ಎರಡು ಮೂರು ದಿನ ಮೊದಲೇ ಮನೆಯಲ್ಲೂ ಅದನ್ನೇ ತಿನ್ನಿಸುವುದು ಒಳ್ಳೆಯದು. ಇಲ್ಲದಿದ್ದರೆ ಕಳೆಬೀಜ ಲದ್ದಿಯ ಜೊತೆ ಕಾಡು ಸೇರುತ್ತದೆ, ಅಲ್ವಾ?

ದುಡ್ಡಿನ ಮಾತಿಗೆ ಬರೋಣ. ಇಲ್ಲಿ ನೀವು ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇದೆ. ನನ್ನಂಥವರು ಸ್ವಂತಕ್ಕೆ ಹೋಗುವುದು ಬೇರೆ, ದುಡ್ಡು ತೆಗೆದುಕೊಂಡು ಜನರನ್ನೂ ಗಂಟುಮೂಟೆಯನ್ನೂ ಒಯ್ಯುವ ಪ್ಯಾಕರ್‌ಗಳು ಬೇರೆ. ವ್ಯಾಪಾರದ ಸೇವೆ ಅಗತ್ಯ ಇದ್ದಷ್ಟೇ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಆ ಅಗತ್ಯ ಎಷ್ಟು ಎಂದು ಉದ್ಯಾನದವರು ಸರಿಯಾಗಿ ಲೆಕ್ಕ ಹಾಕಿಲ್ಲ ಎಂದು ನಡೆಯುವವರ ಸಂಘವೊಂದು ಸಿಕೋಯಾ–ಕಿಂಗ್ಸ್ ಕ್ಯಾನಿಯನ್ ವಿಷಯದಲ್ಲಿ ಕೋರ್ಟಿಗೆ ಹೋಗಿ 2012ರಲ್ಲಿ ಗೆದ್ದಿತು. ಪ್ಯಾಕರ್‌ಗಳ ಪರ್ಮಿಟ್ ನಿಂತುಹೋಗುವ ಹಂತಕ್ಕೆ ಬಂದಾಗ ಅದೇ ವರ್ಷ ಜೂನ್‌ನಲ್ಲಿ ಸಂಸತ್ತಿನ ಹೊಸ ಕಾಯ್ದೆಯೇ ಬರಬೇಕಾಯಿತು. ನನ್ನನ್ನು ಕೇಳಿದರೆ ಸಂಘದವರ ಪ್ರಶ್ನೆ ಸರಿಯಾಗಿಯೇ ಇತ್ತು. ಒದ್ದೆ ಹುಲ್ಲುಗಾವಲಿನಲ್ಲಿ ಇಪ್ಪತ್ತು ಹೇಸರಗತ್ತೆ ಒಮ್ಮೆ ಓಡಾಡಿದ ಜಾಗ ನೋಡಿದ್ದೇನೆ, ನಾಟಿಗೆ ತುಳಿದ ಗದ್ದೆಯ ಹಾಗೆ ಕಾಣುತ್ತದೆ.

ಆದರೆ ನಮ್ಮ ದಾರಿ ಮುಚ್ಚುವುದು ಹೆಚ್ಚಾಗಿ ಕೋರ್ಟೂ ಅಲ್ಲ, ಕಾಯ್ದೆಯೂ ಅಲ್ಲ. ಹೋದ ವರ್ಷ ಎರಡು ಗಂಟೆ ಏರಿದ ಮೇಲೆ ದಾರಿಗೆ ಅಡ್ಡ ಒಂದು ಫರ್ ಮರ ಬಿದ್ದಿತ್ತು, ಸೊಂಟದೆತ್ತರ. ನಡೆಯುವವರು ಕಾಂಡದ ಮೇಲೆ ಕೂತು ಆಚೆ ಜಾರಿ ಹೋಗುತ್ತಿದ್ದರು. ನನ್ನ ಕುದುರೆ ಏನು ಮಾಡೀತು? ಎಡಕ್ಕೆ ಬಂಡೆ, ಬಲಕ್ಕೆ ಇಳಿಜಾರು. ಸುತ್ತಿ ಹೋದರೆ ಹೊಸ ದಾರಿ ಬೀಳುತ್ತದೆ, ಮೊದಲ ಮಳೆಗೆ ಅದೇ ಕೊರಕಲು. ವಾಪಸ್ ಬಂದೆ. ಮೋಟಾರು ಬೇಡ ಎಂಬ ನಿಯಮ ಅರಣ್ಯ ಇಲಾಖೆಯವರಿಗೂ ಇದೆ, ಹಾಗಾಗಿ ಸಾಮಾನ್ಯವಾಗಿ ಚೈನ್ ಗರಗಸ ತರುವಂತಿಲ್ಲ. ಇಬ್ಬರು ಎಳೆಯುವ ಹಳೇ ಕಾಲದ ಗರಗಸವೇ ಗತಿ.

ಆ ಕೆಲಸಕ್ಕೆ ಒಂದು ಶನಿವಾರ ನಾನೂ ಹೋಗಿದ್ದೆ, ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಎಂಬ ಸವಾರರ ಸಂಘದವರ ಜೊತೆ. 1973ರಲ್ಲಿ ಮೊಂಟಾನಾದಲ್ಲಿ ಹುಟ್ಟಿದ ಸಂಘ, ಈಗ ಹಲವು ರಾಜ್ಯಗಳಲ್ಲಿದೆ. ಹೇಸರಗತ್ತೆಯ ಬೆನ್ನಿನಿಂದ ಗರಗಸ ಇಳಿಸಿ, ಎಪ್ಪತ್ತು ದಾಟಿದ ಒಬ್ಬರು ನನ್ನ ಎದುರಿಗೆ ಕೂತರು. ಜೋರು ಮಾಡಿ ತಳ್ಳಿದೆ. ಅಲಗು ಬಾಗಿ ಸಿಕ್ಕಿಹಾಕಿಕೊಂಡಿತು. "ಎಳಿ ಅಷ್ಟೇ, ತಳ್ಳಬೇಡ, ನಿನ್ನ ಸರದಿ ಮುಗಿದ ಮೇಲೆ ಸುಮ್ನೆ ಹಿಡಿದುಕೊ" ಎಂದರು. ಆಮೇಲೆ ನೂಡಲ್ಸ್ ಥರ ಉದ್ದುದ್ದ ಮರದ ಎಳೆ ಹೊರಬರತೊಡಗಿತು. ಒಂದು ಮರಕ್ಕೆ ಮುಕ್ಕಾಲು ಗಂಟೆ. ಆ ದಾರಿಯಲ್ಲಿ ಅಂದು ಹನ್ನೊಂದು ಮರ.

ಇನ್ನೊಂದು ತೊಂದರೆ ಪಾರ್ಕಿಂಗ್. ಕುದುರೆ ಟ್ರೇಲರ್ ತಿರುಗಿಸಲು ಬಿಟ್ಟ ಜಾಗದಲ್ಲಿ ಕಾರು ನಿಲ್ಲಿಸಿ ಹೋದರೆ ನಾವು ಮನೆಗೆ ವಾಪಸ್. ದಯವಿಟ್ಟು ನಿಮ್ಮ ಮಗನಿಗೆ ಇದೊಂದು ಹೇಳಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಕುದುರೆ ಎದುರಾದರೆ ನಡೆಯುವವರು ದಾರಿ ಬಿಡುವುದು ಇಲ್ಲಿಯ ರೂಢಿ. ಸಾಧ್ಯವಿದ್ದರೆ ಇಳಿಜಾರಿನ ಬದಿಗೆ ಸರಿಯಿರಿ. ಕುದುರೆಗೆ ಮೇಲಿನಿಂದ ಬರುವುದರ ಭಯ ಜಾಸ್ತಿ, ಬೆದರಿದರೆ ಏರಿನ ಕಡೆಗೇ ಓಡಲು ನೋಡುತ್ತದೆ. ಮರದ ಹಿಂದೆ ಅಡಗಬೇಡಿ, ಮಾತಾಡಿ. ನಾನು ನಡೆಯುತ್ತಿದ್ದ ಕಾಲದಲ್ಲಿ ಒಮ್ಮೆ ಹೇಸರಗತ್ತೆಗಳ ಸಾಲು ಎದುರಾಯಿತು. ಮುಂದಿನ ಕುದುರೆ ನನ್ನ ಚೀಲ ನೋಡಿ ಮೂಗರಳಿಸಿ ಫುರ್ ಅಂದು ನಿಂತುಬಿಟ್ಟಿತು. ಬೆನ್ನ ಮೇಲೆ ಗುಡ್ಡೆ ಹೊತ್ತ ಆಕಾರ ಮನುಷ್ಯರದ್ದು ಅಂತ ಅದಕ್ಕೆ ಹೊಳೆಯುವುದಿಲ್ಲವಂತೆ, ದನಿ ಕೇಳಬೇಕು. "ಏನಾದರೂ ಮಾತಾಡು!" ಎಂದು ಸವಾರ ಕೂಗಿದ. ಗಾಬರಿಯಲ್ಲಿ ಇಂಗ್ಲಿಷ್ ಬರಲೇ ಇಲ್ಲ. "ಬಾರೋ ರಾಜಾ, ಹೆದರಬೇಡ, ನಾನೇ ಕಣೋ" ಎಂದೆ. ಕಿವಿ ಮುಂದಕ್ಕೆ ತಿರುಗಿಸಿ ಒಂದು ಕ್ಷಣ ನೋಡಿತು, ಪಕ್ಕದಲ್ಲೇ ಹಾದು ಹೋಯಿತು.