ಮೇಯೋ ಏಕೆ ಗೆಲ್ಲುತ್ತಿಲ್ಲ? ಗೇಲಿಕ್ ಫುಟ್‌ಬಾಲ್ ಕುರಿತು ಓದುಗರ ಪ್ರಶ್ನೆಗಳು

ಐರ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಿಂದಲೂ ಅವರ ಮನೆಯವರಿಂದಲೂ ಅಲ್ಲಿನ ಗೇಲಿಕ್ ಫುಟ್‌ಬಾಲ್ ಬಗ್ಗೆ ಹಲವು ಪತ್ರಗಳು ಬಂದಿವೆ. ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ) ತಂಡಗಳ ಬಲಾಬಲ ಮತ್ತು ಬೆಂಬಲಿಗರ ಸಂಖ್ಯೆಯ ಕುರಿತಾದ ಪ್ರಶ್ನೆಗಳಿಗೆ ಈ ಬಾರಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಬೇಸಿಗೆ ಬಂತೆಂದರೆ ಕೌಂಟಿಗಳದ್ದೇ ಮಾತು. ಬಹುಕಾಲದಿಂದ ಡಬ್ಲಿನ್‌ನಲ್ಲೇ ಮನೆ ಮಾಡಿಕೊಂಡಿರುವ ಸಹೋದ್ಯೋಗಿಯೊಬ್ಬರು ಇಂದಿಗೂ ಮೇಯೋ ತಂಡವನ್ನೇ ಬೆಂಬಲಿಸುತ್ತಾರೆ. ಆಟದ ಮೂಲ ನಿಯಮಗಳನ್ನೂ ಈ ನಿಷ್ಠೆಯ ಕಾರಣವನ್ನೂ ತಿಳಿಸುವಿರಾ?
(ಓದುಗರು, ಡಬ್ಲಿನ್)

ಉತ್ತರ: ತಲಾ 15 ಆಟಗಾರರ ಎರಡು ತಂಡಗಳು 70 ನಿಮಿಷ ಆಡುವ ಆಟವಿದು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ಆದರೆ ನಾಲ್ಕು ಹೆಜ್ಜೆಗೊಮ್ಮೆ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದ ತುದಿಯಿಂದ ಚಿಮ್ಮಿಸಿ ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಅಡ್ಡಪಟ್ಟಿಯ ಕೆಳಗೆ ಬಲೆಯೊಳಗೆ ಹೋದ ಚೆಂಡು ಗೋಲ್, ಅದಕ್ಕೆ ಮೂರು ಅಂಕ. ಅಡ್ಡಪಟ್ಟಿಯ ಮೇಲೆ, ಎರಡು ಕಂಬಗಳ ನಡುವೆ ಹಾದುಹೋದರೆ ಸಾಮಾನ್ಯವಾಗಿ ಒಂದು ಅಂಕ. 2024ರ ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಆರ್ಮಾ 1-11, ಗಾಲ್ವೇ 0-13 ಎಂದು ಬರೆದಿದ್ದರೆ, ಆರ್ಮಾ ಒಂದು ಗೋಲ್ ಮತ್ತು ಹನ್ನೊಂದು ಅಂಕ ಸೇರಿ ಹದಿನಾಲ್ಕು ಗಳಿಸಿ ಒಂದೇ ಅಂಕದಿಂದ ಗೆದ್ದಿತು ಎಂದರ್ಥ.

ನಿಷ್ಠೆಯ ಕಾರಣ ಆಟದ ಕಟ್ಟೋಣದಲ್ಲೇ ಇದೆ. 1884ರ ನವೆಂಬರ್ 1ರಂದು ಟಿಪ್ಪರರಿ ಕೌಂಟಿಯ ಥರ್ಲಸ್ ಪಟ್ಟಣದಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಊರೂರಿನ ಕ್ಲಬ್‌ಗಳ ಮೇಲೆ ನಿಂತಿದೆ. ಮಗು ತನ್ನ ಊರಿನ ಕ್ಲಬ್ ಸೇರುತ್ತದೆ, ಚೆನ್ನಾಗಿ ಆಡಿದವರಿಗೆ ಮುಂದೆ ಕೌಂಟಿ ತಂಡದಿಂದ ಕರೆ ಬರುತ್ತದೆ, ಅಷ್ಟೆತ್ತರಕ್ಕೆ ಏರಿದ ಮೇಲೂ ಆಡಿದ್ದಕ್ಕೆ ಸಂಬಳವಿಲ್ಲ. ಈ ಕಾಲದ ಅತಿ ದೊಡ್ಡ ಆಟಗಾರನೆಂದು ಹಲವರು ಒಪ್ಪುವ ಕೆರ್ರಿಯ ಡೇವಿಡ್ ಕ್ಲಿಫರ್ಡ್ ವೃತ್ತಿಯಿಂದ ಶಾಲಾ ಶಿಕ್ಷಕರು. ಕಿಲ್ಲಾರ್ನಿ ಬಳಿಯ ಫೋಸಾ ಎಂಬ ಪುಟ್ಟ ಊರಿನ ಕ್ಲಬ್‌ಗೆ ಇಂದಿಗೂ ಆಡುತ್ತಾರೆ. ನಮ್ಮ ರಣಜಿ ಕ್ರಿಕೆಟ್‌ನಲ್ಲಿ ಆಟಗಾರರು ಅವಕಾಶ ಅರಸಿ ಬೇರೆ ರಾಜ್ಯಕ್ಕೆ ಹೋಗುವುದುಂಟು. ಇಲ್ಲಿ ಕೌಂಟಿ ಬದಲಿಸುವವರು ತೀರ ವಿರಳ. ಮೈದಾನದಲ್ಲಿರುವವನು ತಮ್ಮ ಊರಿನವರ ಮಗನೇ ಆಗಿರುವಾಗ ನಿಮ್ಮ ಸಹೋದ್ಯೋಗಿಯವರ ಮನಸ್ಸು ಬೇರೆ ಬಣ್ಣಕ್ಕೆ ಹೇಗೆ ಒಲಿದೀತು?

ಪ್ರಶ್ನೆ: ನನ್ನ ಮಗಳು ಮೇಯೋ ಕೌಂಟಿಯ ಕ್ಯಾಸಲ್‌ಬಾರ್‌ನಲ್ಲಿ ದಾದಿಯಾಗಿದ್ದಾಳೆ. ಅಲ್ಲಿ ಮನೆಮನೆಯ ಮುಂದೆಯೂ ಹಸಿರು-ಕೆಂಪು ಬಾವುಟ ಹಾರಾಡುತ್ತದೆಯಂತೆ. ಇಷ್ಟು ಬೆಂಬಲಿಗರಿದ್ದೂ ತಂಡ 1951ರಿಂದ ಕಪ್ ಗೆದ್ದಿಲ್ಲವೆಂದೂ ಅದಕ್ಕೆ ಒಂದು ಶಾಪ ಕಾರಣವೆಂದೂ ಅವಳು ಹೇಳುತ್ತಾಳೆ. ಇದು ನಿಜವೇ?
(ಓದುಗರು, ಮೈಸೂರು)

ಉತ್ತರ: ಕಪ್ ಗೆದ್ದಿಲ್ಲ ಎಂಬುದು ನಿಜ. 1936, 1950 ಮತ್ತು 1951ರಲ್ಲಿ ಮೇಯೋ ಅಖಿಲ ಐರ್ಲೆಂಡ್ ಚಾಂಪಿಯನ್ನರಿಗೆ ಸಿಗುವ ಸ್ಯಾಮ್ ಮಗ್ವಾಯರ್ ಕಪ್ ಗೆದ್ದಿತ್ತು. ಆಮೇಲೆ ದೀರ್ಘಕಾಲ ಫೈನಲ್ಲನ್ನೇ ಕಾಣದ ತಂಡ 1989ರಲ್ಲಿ ಮತ್ತೆ ಅಲ್ಲಿಗೆ ಬಂದು ಸೋತಿತು. 1996, 1997, 2004, 2006, 2012, 2013, 2016, 2017, 2020 ಮತ್ತು 2021ರಲ್ಲಿಯೂ ಸೋತಿತು. ಒಟ್ಟು ಹನ್ನೊಂದು ಫೈನಲ್‌ಗಳು.

ಶಾಪದ ಕಥೆ ಹೀಗಿದೆ: 1951ರಲ್ಲಿ ಗೆದ್ದು ಊರಿಗೆ ಮರಳುತ್ತಿದ್ದ ಆಟಗಾರರು ಫಾಕ್ಸ್‌ಫರ್ಡ್ ಪಟ್ಟಣದಲ್ಲಿ ಒಂದು ಶವಯಾತ್ರೆ ಎದುರಾದಾಗ ನಿಂತು ಗೌರವ ಸಲ್ಲಿಸದೆ ಸಂಭ್ರಮದಲ್ಲೇ ಮುಂದೆ ಸಾಗಿದರೆಂದೂ, ಆ ತಂಡದ ಕೊನೆಯ ಆಟಗಾರ ಬದುಕಿರುವವರೆಗೆ ಮೇಯೋ ಮತ್ತೆ ಗೆಲ್ಲದಿರಲಿ ಎಂದು ಪಾದ್ರಿಯೊಬ್ಬರು ಶಪಿಸಿದರೆಂದೂ ಹೇಳಲಾಗುತ್ತದೆ. ಇದಕ್ಕೆ ನಂಬುವಂಥ ಆಧಾರವಿಲ್ಲ. ಆ ತಂಡದಲ್ಲಿ ಕೊನೆಯವರಾಗಿ ಉಳಿದಿದ್ದ ಪ್ಯಾಡಿ ಪ್ರೆಂಡರ್‌ಗ್ಯಾಸ್ಟ್ 2021ರಲ್ಲಿ ತೀರಿಕೊಂಡರು. ವಯೋವೃದ್ಧ ಆಟಗಾರರೊಬ್ಬರ ಆಯುಸ್ಸನ್ನು ತಂಡದ ಸೋಲಿಗೆ ಗಂಟು ಹಾಕುವ ಈ ಕಥೆಯನ್ನು ಪತ್ರಿಕೆಗಳು ವರ್ಷವರ್ಷವೂ ಮೆರೆಸಿದ್ದು ನನಗೆ ಎಂದಿಗೂ ಸರಿಯೆನಿಸಲಿಲ್ಲ.

ಸೋಲಿನ ನಿಜವಾದ ಲೆಕ್ಕ ಮೈದಾನದಲ್ಲಿದೆ. 2013ರಲ್ಲಿ ಡಬ್ಲಿನ್ ಎದುರು ಸೋತದ್ದು ಒಂದು ಅಂಕದಿಂದ. 2016ರ ಫೈನಲ್ ಸಮವಾಗಿ ಮುಗಿಯಿತು: ಡಬ್ಲಿನ್ 2-9, ಮೇಯೋ 0-15. ಡಬ್ಲಿನ್‌ನ ಆ ಎರಡು ಗೋಲ್‌ಗಳೂ ಮೇಯೋ ಆಟಗಾರರಿಗೇ ತಗುಲಿ ತಮ್ಮದೇ ಬಲೆಗೆ ಬಿದ್ದ ಚೆಂಡುಗಳು. ಮರುಪಂದ್ಯದಲ್ಲಿ ಮತ್ತೆ ಒಂದು ಅಂಕದ ಸೋಲು; 2017ರಲ್ಲಿಯೂ ಒಂದೇ ಅಂಕ. ಎದುರಿಗಿದ್ದದ್ದು 2015ರಿಂದ 2020ರವರೆಗೆ ಸತತ ಆರು ಬಾರಿ ಕಪ್ ಗೆದ್ದ ತಂಡ ಎಂಬುದನ್ನು ಮರೆಯಬಾರದು. ಬೇರೆ ಯಾವುದೇ ದಶಕದಲ್ಲಿ ಆಡಿದ್ದರೂ ಆ ಮೇಯೋ ತಂಡ ಒಮ್ಮೆಯಾದರೂ ಗೆಲ್ಲುತ್ತಿತ್ತೆಂದು ನಾನು ದೃಢವಾಗಿ ನಂಬುತ್ತೇನೆ. ಕೊನೆಯ ನಿಮಿಷಗಳಲ್ಲಿ ಕಣ್ಣುಮುಚ್ಚಿ ನಂಬಬಹುದಾದ ಒಬ್ಬ ಅಂಕ ಗಳಿಸುವವನ ಕೊರತೆ ಅವರನ್ನು ಕಾಡಿತು. ಡಬ್ಲಿನ್‌ಗೆ ಅಂಥವರು ಮೂರ್ನಾಲ್ಕು ಮಂದಿಯಿದ್ದರು.

ಬೆಂಬಲಿಗರ ನಿರೀಕ್ಷೆಯೇ ಆಟಗಾರರಿಗೆ ಹೊರೆಯಾಯಿತು ಎಂಬ ಮಾತೂ ಕೇಳಿಬರುತ್ತದೆ. ಅದನ್ನೂ ನಾನು ಒಪ್ಪುವುದಿಲ್ಲ. 2020ರ ಫೈನಲ್ ಕೊರೋನಾ ನಿರ್ಬಂಧದಿಂದಾಗಿ ಡಿಸೆಂಬರ್‌ನಲ್ಲಿ, ಪ್ರೇಕ್ಷಕರೇ ಇಲ್ಲದ ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ ನಡೆಯಿತು. ಆಗಲೂ ಡಬ್ಲಿನ್ನೇ ಗೆದ್ದಿತು.

ಪ್ರಶ್ನೆ: ಹೆಚ್ಚು ಜನಸಂಖ್ಯೆಯ, ಹೆಚ್ಚು ಬೆಂಬಲಿಗರ ಕೌಂಟಿಯೇ ಹೆಚ್ಚು ಗೆಲ್ಲುತ್ತದೆಯೇ?
(ಓದುಗರು, ಧಾರವಾಡ)

ಉತ್ತರ: 2022ರ ಜನಗಣತಿಯಂತೆ ಡಬ್ಲಿನ್‌ನಲ್ಲಿ ಸುಮಾರು 14.5 ಲಕ್ಷ ಜನರಿದ್ದಾರೆ, ಕೆರ್ರಿಯಲ್ಲಿ ಸುಮಾರು 1.56 ಲಕ್ಷ. 2025ರ ಗೆಲುವೂ ಸೇರಿದಂತೆ ಕೆರ್ರಿ 39 ಬಾರಿ ಅಖಿಲ ಐರ್ಲೆಂಡ್ ಪ್ರಶಸ್ತಿ ಪಡೆದಿದ್ದರೆ ಡಬ್ಲಿನ್ ಪಡೆದದ್ದು 31 ಬಾರಿ. ಹತ್ತನೆಯ ಒಂದು ಭಾಗದಷ್ಟು ಜನರಿರುವ ಕೌಂಟಿ ಮುಂದಿದೆ. ಕೆರ್ರಿಯಲ್ಲಿ ಫುಟ್‌ಬಾಲ್‌ಗೆ ಪೈಪೋಟಿ ಕೊಡುವ ಆಟಗಳು ಕಡಿಮೆ, ಚೆಂಡು ಹಿಡಿಯುವ ಮತ್ತು ಒದೆಯುವ ಕೌಶಲವನ್ನು ಎಳವೆಯಿಂದಲೇ ತಿದ್ದುವ ಹಿರಿಯರು ಪ್ರತಿ ಕ್ಲಬ್‌ನಲ್ಲೂ ಇದ್ದಾರೆ, ಮೇಲಾಗಿ ಗೆಲ್ಲುವುದು ತಮ್ಮ ಕರ್ತವ್ಯವೆಂಬಂತೆ ಬೆಳೆದ ತಲೆಮಾರುಗಳಿವೆ.

ಆದರೂ ಸಂಖ್ಯೆಗೆ ಬೆಲೆಯೇ ಇಲ್ಲವೆನ್ನಲಾಗದು. ಇತ್ತೀಚಿನ ದಶಕಗಳಲ್ಲಿ ಡಬ್ಲಿನ್‌ನ ಜನಬಲಕ್ಕೆ ಪ್ರಾಯೋಜಕರ ಹಣವೂ ಮಕ್ಕಳ ತರಬೇತಿಗೆಂದು ಸಂಘದಿಂದ ದೊರೆತ ದೊಡ್ಡ ಅನುದಾನವೂ ಕೂಡಿದವು. 2011ರಿಂದ 2024ರವರೆಗೆ ಸತತ 14 ವರ್ಷ ಲೆನ್‌ಸ್ಟರ್ ಪ್ರಾಂತ್ಯದ ಪ್ರಶಸ್ತಿ ಅವರ ಬಳಿಯೇ ಉಳಿಯಿತು. ಆ ಅನುದಾನ ಇನ್ನೂ ಮೊದಲೇ ಎಲ್ಲ ಕೌಂಟಿಗಳಿಗೂ ನ್ಯಾಯವಾಗಿ ಹಂಚಿಕೆಯಾಗಬೇಕಿತ್ತೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಹಾಗಾದರೆ ಸಣ್ಣ ಕೌಂಟಿಗಳಿಗೆ ಭರವಸೆಯೇ ಇಲ್ಲವೇ?
(ಓದುಗರು, ಡಂಡಾಕ್)

ಉತ್ತರ: ನೀವಿರುವ ಲೌತ್ ಕೌಂಟಿಯೇ ಇದಕ್ಕೆ ಉತ್ತರ. ವಿಸ್ತೀರ್ಣದಲ್ಲಿ ಐರ್ಲೆಂಡಿನಲ್ಲೇ ಅತಿ ಚಿಕ್ಕದಾದ ಲೌತ್, 1957ರ ನಂತರ ಮೊದಲ ಬಾರಿಗೆ 2025ರಲ್ಲಿ ಲೆನ್‌ಸ್ಟರ್ ಪ್ರಶಸ್ತಿ ಗೆದ್ದಿತು. ಅದಕ್ಕೂ ಹಿಂದಿನ ಎರಡು ವರ್ಷ ಫೈನಲ್‌ನಲ್ಲಿ ಡಬ್ಲಿನ್ ಎದುರು ಸೋತಿತ್ತು. 2010ರಲ್ಲಂತೂ ಗೆಲುವು ಕೈಗೆ ಬಂದಿದ್ದ ಕೊನೆಯ ಗಳಿಗೆಯಲ್ಲಿ, ನಿಯಮಬಾಹಿರವಾಗಿದ್ದೂ ಮಾನ್ಯವಾದ ಒಂದು ಗೋಲ್‌ನಿಂದ ಮೀತ್ ಪ್ರಶಸ್ತಿ ಕಸಿದುಕೊಂಡಿತ್ತು. 2025ರ ಫೈನಲ್‌ನಲ್ಲಿ ಎದುರಾಳಿ ಅದೇ ಮೀತ್. ಸ್ಕೋರ್ 3-14ಕ್ಕೆ 1-18. ಕ್ರೋಕ್ ಪಾರ್ಕ್‌ನಲ್ಲಿ ಅಂದು 65 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಸೆಮಿಫೈನಲ್‌ನಲ್ಲಿ ಡಬ್ಲಿನ್‌ನ ಸರಣಿಯನ್ನು ಮೀತ್ ಮುರಿದದ್ದು ಲೌತ್‌ಗೆ ಅನುಕೂಲವಾಯಿತೆಂಬುದು ಸರಿ, ಆದರೆ ಒದಗಿದ ಅವಕಾಶವನ್ನು ಹಿಡಿದುಕೊಳ್ಳಲು ಸಿದ್ಧರಾಗಿ ನಿಂತಿದ್ದವರು ಲೌತ್‌ನವರೇ.

ಸುಮಾರು 35 ಸಾವಿರ ಜನರಿರುವ ಲೀಟ್ರಿಮ್‌ನ ಪರಿಸ್ಥಿತಿ ಬೇರೆ. ಅದು ಕನಾಟ್ ಪ್ರಾಂತ್ಯವನ್ನು ಗೆದ್ದದ್ದು 1927 ಮತ್ತು 1994ರಲ್ಲಿ ಮಾತ್ರ. ಇಂಥ ತಂಡಗಳಿಗೆಂದು 2022ರಲ್ಲಿ ಆರಂಭವಾದ ಟೈಲ್‌ಟನ್ ಕಪ್ ಒಳ್ಳೆಯ ಹೆಜ್ಜೆ.

ಪ್ರಶ್ನೆ: 2025ರಲ್ಲಿ ಬಂದ ಹೊಸ ನಿಯಮಗಳಿಂದ ಯಾರಿಗೆ ಲಾಭ?
(ಓದುಗರು, ಕಾರ್ಕ್)

ಉತ್ತರ: ಹೆಚ್ಚುಕಡಿಮೆ ಇಡೀ ತಂಡವೇ ತನ್ನ ಗೋಲಿನ ಮುಂದೆ ಜಮಾಯಿಸಿ ನಿಲ್ಲುವ ಪದ್ಧತಿಯಿಂದ ಆಟ ನೀರಸವಾಗಿತ್ತು. ಡಬ್ಲಿನ್‌ನ ಮಾಜಿ ಮ್ಯಾನೇಜರ್ ಜಿಮ್ ಗ್ಯಾವಿನ್ ನೇತೃತ್ವದ ಸಮಿತಿ ಅದಕ್ಕೆ ಮದ್ದು ಹುಡುಕಿತು. ಈಗ ಪ್ರತಿ ತಂಡವೂ ಎದುರಾಳಿಯ ಅರ್ಧಭಾಗದಲ್ಲಿ ಕನಿಷ್ಠ ಮೂವರನ್ನು ನಿಲ್ಲಿಸಲೇಬೇಕು. ಗೋಲಿನಿಂದ 40 ಮೀಟರ್ ದೂರದ ಕಮಾನುಗೆರೆಯ ಆಚೆಯಿಂದ ಒದ್ದ ಚೆಂಡು ಕಂಬಗಳ ನಡುವೆ ಹಾದರೆ ಎರಡು ಅಂಕ. ಆಗ ಅಂಪೈರ್ ಒಂದು ಅಂಕಕ್ಕೆ ಎತ್ತುವ ಬಿಳಿ ಬಾವುಟದ ಬದಲು ಕಿತ್ತಳೆ ಬಾವುಟ ಮೇಲೇರುತ್ತದೆ.

ದೂರದಿಂದ ಗುರಿಯಿಟ್ಟು ಒದೆಯಬಲ್ಲವರಿರುವ ತಂಡಕ್ಕೇ ಇದರ ಲಾಭ, ಅಂಥವರು ಕೆರ್ರಿಯಲ್ಲಿ ಬಹಳ. ಆ ವರ್ಷದ ಕ್ವಾರ್ಟರ್ ಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಆರ್ಮಾಗೆ ಒಂದು ಅಂಕವನ್ನೂ ಬಿಟ್ಟುಕೊಡದೆ ಕೆರ್ರಿ ಸತತ 14 ಅಂಕ ಕಲೆಹಾಕಿತು. ಫೈನಲ್‌ನಲ್ಲಿ ಡೊನೆಗಾಲ್ ತಂಡವನ್ನು 1-26, 0-19ರಿಂದ ಸೋಲಿಸಿತು. ಡೇವಿಡ್ ಕ್ಲಿಫರ್ಡ್ ಆಡುತ್ತಿರುವವರೆಗೆ ಕೆರ್ರಿಯನ್ನು ಯಾವ ವರ್ಷವೂ ಲೆಕ್ಕದಿಂದ ಬಿಡಲಾಗದು. ಅವರ ನಂತರ ನಾನು ನಿರೀಕ್ಷೆಯಿಡುವುದು ಜಿಮ್ ಮೆಕ್‌ಗಿನ್ನಿಸ್ ಅವರ ಮಾರ್ಗದರ್ಶನದ ಡೊನೆಗಾಲ್ ಮೇಲೆ.

ಪ್ರಶ್ನೆ: ಫೈನಲ್ ನೋಡಲು ನಮ್ಮಂಥವರಿಗೆ ಟಿಕೆಟ್ ಸಿಗುವುದೇ?
(ಓದುಗರು, ಗಾಲ್ವೇ)

ಉತ್ತರ: ಕಷ್ಟ. 1961ರಲ್ಲಿ ಡೌನ್ ಮತ್ತು ಆಫಲಿ ನಡುವಿನ ಫೈನಲ್‌ಗೆ 90,556 ಜನ ಬಂದಿದ್ದರು, ಅದೇ ಇಂದಿಗೂ ದಾಖಲೆ. ನವೀಕರಣದ ಬಳಿಕ ಕ್ರೋಕ್ ಪಾರ್ಕ್‌ನ ಸಾಮರ್ಥ್ಯ 82,300. ಫೈನಲ್ ಟಿಕೆಟ್‌ಗಳು ಬಹುಪಾಲು ಕೌಂಟಿ ಮಂಡಳಿಗಳ ಮತ್ತು ಕ್ಲಬ್‌ಗಳ ಮೂಲಕವೇ ಹಂಚಿಕೆಯಾಗುತ್ತವೆ. ಆದ್ದರಿಂದ ಅಲ್ಲಿ ಕಾಣುವ ಜನಸಂದಣಿಯನ್ನು ನೋಡಿ ಯಾವ ಕೌಂಟಿಗೆ ಎಷ್ಟು ಬೆಂಬಲಿಗರೆಂದು ಅಳೆಯುವುದು ತಪ್ಪಾಗುತ್ತದೆ. ನಿಮ್ಮ ಊರಿನ ಕ್ಲಬ್‌ನ ಸದಸ್ಯರಾಗಿ, ಮಕ್ಕಳಿದ್ದರೆ ಅವರನ್ನೂ ಸೇರಿಸಿ. ಟಿಕೆಟ್‌ನ ದಾರಿಯೂ ಊರಿನವರ ಪರಿಚಯವೂ ಅಲ್ಲಿಂದಲೇ ತೆರೆದುಕೊಳ್ಳುತ್ತವೆ. ಅಲ್ಲಿಯವರೆಗೆ ಏಪ್ರಿಲ್-ಮೇ ತಿಂಗಳ ಪ್ರಾಂತೀಯ ಪಂದ್ಯಗಳಿಗೆ ಹೋಗಿ, ಅವುಗಳ ಟಿಕೆಟ್ ಪಡೆಯುವುದು ಇಷ್ಟು ಕಷ್ಟವಲ್ಲ. ಗಾಲ್ವೇ ಮತ್ತು ಮೇಯೋ ಎದುರಾದರಂತೂ ತಪ್ಪಿಸಿಕೊಳ್ಳಬೇಡಿ. ಎರಡೂ ಕಡೆಯ ಬೆಂಬಲಿಗರನ್ನು ಅಲ್ಲಿ ಬೇರ್ಪಡಿಸಿ ಕೂರಿಸುವುದಿಲ್ಲ, ಆದ್ದರಿಂದ ಆಟವನ್ನು ವಿವರಿಸಿ ಹೇಳುವವರು ನಿಮ್ಮ ಎಡಕ್ಕೂ ಬಲಕ್ಕೂ ಸಿಗುತ್ತಾರೆ.