ಹುಟ್ಟು ಹಾಕುವವನ ಕೈಯಲ್ಲಿ ಕತ್ತಿ ಇತ್ತೇ?

ಪ್ರಶ್ನೆ: ಗೇಟ್‌ವೇಯಿಂದ ಲಾಂಚಿನಲ್ಲಿ ಮಾಂಡ್ವಾಕ್ಕೆ ಹೋಗಿ ಅಲಿಬಾಗಿನ ಕುಲಾಬಾ ಕೋಟೆಯನ್ನು ನೋಡಿ ಬಂದೆವು. ಮರಾಠಾ ನೌಕಾಪಡೆಯ ನಾಯಕರಾದ ಆಂಗ್ರೆಯವರ ಗಲಬತಗಳೆಂಬ ಯುದ್ಧದೋಣಿಗಳು ಹುಟ್ಟಿನ ಬಲದಿಂದಲೂ ಸಾಗುತ್ತಿದ್ದವೆಂದು ತಿಳಿದಾಗ, ಸಿನಿಮಾಗಳಲ್ಲಿ ಕಂಡ ರೋಮನ್ ಹಡಗುಗಳೂ ಸಂಕೋಲೆ ತೊಟ್ಟ ಗುಲಾಮರೂ ನೆನಪಾದರು. ಮೆಡಿಟರೇನಿಯನ್ನಿನ ಅಂಥ ಹಡಗುಗಳಲ್ಲಿ ಕಾದಾಡುತ್ತಿದ್ದವರು ಯಾರು? ಹುಟ್ಟು ಹಾಕುವವರಿಗೂ ಆಯುಧ ಕೊಡುತ್ತಿದ್ದರೇ? – ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲು ಸಿನಿಮಾದ ಮಾತು. ರೋಮನ್ನರ ಯುದ್ಧನೌಕೆಗಳಲ್ಲಿ ಹುಟ್ಟು ಹಾಕುತ್ತಿದ್ದವರು ಬಹುತೇಕ ಸ್ವತಂತ್ರರೇ. ಸಂಕೋಲೆಯ ಆ ಚಿತ್ರ ಹದಿನಾರು, ಹದಿನೇಳನೆಯ ಶತಮಾನಗಳ ಗ್ಯಾಲಿಗಳಿಗೆ, ಅಂದರೆ ಮುಖ್ಯವಾಗಿ ಹುಟ್ಟಿನಿಂದ ಸಾಗುವ ಉದ್ದನೆಯ ಯುದ್ಧನೌಕೆಗಳಿಗೆ ಸೇರಿದ್ದು.

ಆ ಕಾಲದಲ್ಲೂ ಎಲ್ಲ ಗ್ಯಾಲಿಗಳೂ ಒಂದೇ ಬಗೆಯವಲ್ಲ. ವೆನಿಸ್ ಗಣರಾಜ್ಯ ಬಹುಕಾಲ ಎಡ್ರಿಯಾಟಿಕ್ ಕರಾವಳಿಯ ಡಾಲ್ಮೇಶಿಯಾ ಮತ್ತು ಗ್ರೀಕ್ ದ್ವೀಪಗಳಿಂದ ಕೂಲಿಗೆ ಜನರನ್ನು ಸೇರಿಸಿಕೊಳ್ಳುತ್ತಿತ್ತು. ಒಂದು ಹಲಗೆಯ ಮೇಲೆ ಮೂವರು, ಒಬ್ಬೊಬ್ಬರಿಗೆ ಒಂದೊಂದು ಹುಟ್ಟು. ಶತ್ರುವಿನ ಹಡಗು ತಾಗಿದ ಕೂಡಲೇ ಹುಟ್ಟು ಬಿಟ್ಟು ಆಯುಧ ಹಿಡಿಯಬಲ್ಲ ಜನ ಅವರು. ಆದರೆ ಹೀಗೆ ಮೂರು ಹುಟ್ಟುಗಳು ಒಂದಕ್ಕೊಂದು ತಗುಲದಂತೆ ಎಳೆಯಲು ಪಳಗಿದ ಕೈಗಳೇ ಬೇಕಿದ್ದವು. ಹದಿನಾರನೆಯ ಶತಮಾನದ ನಡುವೆ, ಒಂದೇ ದೊಡ್ಡ ಹುಟ್ಟನ್ನು ನಾಲ್ಕೈದು ಮಂದಿ ಸೇರಿ ಎಳೆಯುವ ಕ್ರಮ ಹರಡಿತು. ತುದಿಯಲ್ಲಿ ಒಬ್ಬ ಅನುಭವಿ ಇದ್ದರೆ ಸಾಕು, ಉಳಿದವರು ಅವನೊಂದಿಗೆ ಎದ್ದು ಹಿಡಿಯನ್ನು ಮುಂದಕ್ಕೆ ತಳ್ಳಿ, ಮೈಭಾರವನ್ನೆಲ್ಲ ಹಾಕಿ ಚರ್ಮ ಹೊದಿಸಿದ ಹಲಗೆಯ ಮೇಲೆ ಹಿಂದಕ್ಕೆ ಬೀಳಬೇಕು, ಅಷ್ಟೇ. ಅಷ್ಟನ್ನು ಕೈದಿಗೂ ಗುಲಾಮನಿಗೂ ಕಲಿಸಬಹುದಿತ್ತು. ವೆನಿಸ್ ಕೂಡ 1545ರಲ್ಲಿ ಕ್ರಿಸ್ಟೋಫೊರೊ ದ ಕನಾಲ್ ಎಂಬಾತನ ಕೈಕೆಳಗೆ ಕೈದಿಗಳ ಮೊದಲ ಗ್ಯಾಲಿಯನ್ನು ನೀರಿಗಿಳಿಸಿತು.

ಆದರೆ ಕೈದಿಯ ಕೈಗೆ ಕತ್ತಿ ಕೊಡುವ ಧೈರ್ಯ ಯಾವ ಕಪ್ತಾನನಿಗಿದ್ದೀತು? ಹಾಗಾಗಿ ಕಾದಾಡಲು ಬೇರೆ ಸೈನಿಕರನ್ನು ಹೇರಿಕೊಳ್ಳಬೇಕಾಯಿತು. ಸುಮಾರು 40 ಮೀಟರ್ ಉದ್ದ, ಐದಾರು ಮೀಟರ್ ಅಗಲದ ಹಡಗಿನಲ್ಲಿ ನೂರೈವತ್ತಕ್ಕೂ ಹೆಚ್ಚು ಹುಟ್ಟಿನವರ ಜೊತೆಗೆ ಕೋವಿ, ಬಿಲ್ಲು ಹಿಡಿದವರೂ ಸೇರಿದರೆ ಬಿಸ್ಕತ್ತು ಮತ್ತು ಕುಡಿಯುವ ನೀರಿಡಲು ಜಾಗವೆಲ್ಲಿ? ಗ್ಯಾಲಿಗಳ ಯುದ್ಧ ದಡವನ್ನೂ ದ್ವೀಪಗಳನ್ನೂ ಬಿಟ್ಟು ದೂರ ಹೋಗದಿರಲು ಈ ನೀರಿನ ಪೀಪಾಯಿಗಳೇ ಒಂದು ದೊಡ್ಡ ಕಾರಣ.

ಸ್ಪೇನ್, ವೆನಿಸ್, ಪೋಪ್ ಮೊದಲಾದವರ ಕ್ರೈಸ್ತ ಮಿತ್ರಪಕ್ಷವು ಆಟೊಮನ್ ತುರ್ಕರೊಡನೆ ಗ್ರೀಸಿನ ಬಳಿ ಕಾದಾಡಿದ 1571ರ ಅಕ್ಟೋಬರ್ 7ರ ಲೆಪಾಂಟೊ ಕಾಳಗದಲ್ಲಿ ಇದೆಲ್ಲ ಒಟ್ಟಿಗೆ ಕಾಣುತ್ತದೆ. ವೆನಿಸ್ಸಿನ ಗ್ಯಾಲಿಗಳಲ್ಲಿ ಸೈನಿಕರು ಸಾಲದೆ ಸ್ಪೇನ್ ದೊರೆಯ ಸೈನಿಕರನ್ನು ಹತ್ತಿಸಬೇಕಾಗಿ ಬಂದಿತ್ತು. ಜಗಳವೆದ್ದು, ವೆನಿಸ್ಸಿನ ದಂಡನಾಯಕ ಸೆಬಾಸ್ಟಿಯಾನೊ ವೆನಿಯರ್ ಆ ಸೈನಿಕರ ನಾಯಕನೊಬ್ಬನನ್ನೇ ಗಲ್ಲಿಗೇರಿಸಿದ. ಮಿತ್ರಪಕ್ಷ ಕಾಳಗಕ್ಕೆ ಮೊದಲೇ ಒಡೆಯುವುದರಲ್ಲಿತ್ತು. ಆದರೂ ಕಾಳಗದ ದಿನ ಮಿತ್ರಪಕ್ಷದ ಸೇನಾನಿ ಡಾನ್ ಹುವಾನ್, ಕ್ರೈಸ್ತ ಕೈದಿಗಳ ಸಂಕೋಲೆ ಬಿಚ್ಚಿಸಿ, ಗೆದ್ದರೆ ಬಿಡುಗಡೆಯೆಂದು ಮಾತು ಕೊಟ್ಟು ಅವರಿಗೆ ಆಯುಧ ಕೊಡಿಸಿದ. ಅವೇ ಹಡಗುಗಳಲ್ಲಿದ್ದ ಮುಸ್ಲಿಂ ಗುಲಾಮರ ಸಂಕೋಲೆ ಮಾತ್ರ ಹಾಗೆಯೇ ಉಳಿಯಿತು. ಆಟೊಮನ್ನರ ಕಡೆ ಅನಟೋಲಿಯಾದ ಊರುಗಳಿಂದ ಸರದಿಯಂತೆ ಕರೆತಂದ ಸ್ವತಂತ್ರ ಪ್ರಜೆಗಳೂ ಹುಟ್ಟು ಹಾಕುತ್ತಿದ್ದರು, ಸೆರೆಸಿಕ್ಕ ಕ್ರೈಸ್ತರೂ ಹಾಕುತ್ತಿದ್ದರು. ಕಾಳಗ ಮುಗಿದಾಗ ಆ ಸೆರೆಯಾಳುಗಳಲ್ಲಿ ಸುಮಾರು 12 ಸಾವಿರ ಮಂದಿ ಬಿಡುಗಡೆಯಾದರು.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಕೂಲಿಯವನಿಗೆ ಸಾಮಾನ್ಯವಾಗಿ ಆಯುಧವಿತ್ತು, ಕೈದಿಗೆ ಅಪರೂಪಕ್ಕೊಮ್ಮೆ, ಶತ್ರುಧರ್ಮದ ಗುಲಾಮನಿಗೆ ಇಲ್ಲವೆಂದೇ ಹೇಳಬೇಕು. ಮುಂದೆ ಹದಿನಾಲ್ಕನೆಯ ಲೂಯಿಯ ಫ್ರಾನ್ಸಿನಲ್ಲಿ ಗ್ಯಾಲಿಯು ಯುದ್ಧನೌಕೆಗಿಂತ ತೇಲುವ ಸೆರೆಮನೆಯೇ ಆಗಿಬಿಟ್ಟಿತು. ಪ್ರೊಟೆಸ್ಟಂಟ್ ಮತವನ್ನು ಬಿಡದವರನ್ನೂ ಅಲ್ಲಿ ಹುಟ್ಟಿಗೆ ಕಟ್ಟಿದರು. 1748ರಲ್ಲಿ ಆ ಪಡೆ ರದ್ದಾದ ಮೇಲೆ ಕೈದಿಗಳನ್ನು ತುಲೋನಿನಂಥ ಬಂದರುಗಳ ಹಡಗುಕಟ್ಟೆಯ ಕೆಲಸಕ್ಕೆ ಸಾಗಿಸಲಾಯಿತು, ಸಂಕೋಲೆಯ ಸಮೇತ.