ಓದುಗರ ಪ್ರಶ್ನೆ: ಶಿಕ್ಷಕರಿಗೆ ವೆಬ್ ಪುಟ ಕಲಿಸುವಾಗ

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ಶಿಕ್ಷಕರಿಗೂ ಗುಮಾಸ್ತರಿಗೂ ಸರಳ ವೆಬ್ ಪುಟ ಮಾಡುವುದನ್ನು ಕಲಿಸಬೇಕು. ಲ್ಯಾಬಿನಲ್ಲಿ ಹಳೆಯ ವಿಂಡೋಸ್ ಕಂಪ್ಯೂಟರುಗಳಿವೆ, ಇಂಟರ್ನೆಟ್ ಬಂದರೆ ಬಂತು. ಎಲ್ಲಿಂದ ಶುರು ಮಾಡಲಿ?
– ಮುಖ್ಯ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮೊದಲ ತರಗತಿಗಳಿಗೆ ಇಂಟರ್ನೆಟ್ ಬೇಕಿಲ್ಲ ಮೇಡಂ. ನೋಟ್‌ಪ್ಯಾಡ್, ಒಂದು ಬ್ರೌಸರ್ ಇದ್ದರಾಯಿತು. ಶಾಲೆಗೆ ನಿಜಕ್ಕೂ ಬೇಕಾದ ಒಂದೇ ಪುಟ ಹಿಡಿಯಿರಿ. ಎಂಟನೇ ತರಗತಿ ದಾಖಲಾತಿಗೆ ತರಬೇಕಾದ ಕಾಗದಪತ್ರಗಳ ಪಟ್ಟಿ ಒಳ್ಳೆಯದು. ಅದಕ್ಕೆ ಬೇಕಾಗುವ ಟ್ಯಾಗ್‌ಗಳು (ಯಾವುದು ತಲೆಬರಹ, ಯಾವುದು ಪ್ಯಾರಾ ಎಂದು ಬ್ರೌಸರಿಗೆ ಹೇಳುವ ಗುರುತುಗಳು) ನಾಲ್ಕೇ: ತಲೆಬರಹಕ್ಕೆ ಎಚ್1, ಪ್ಯಾರಾಕ್ಕೆ ಪಿ, ಪಟ್ಟಿಗೆ ಯುಎಲ್ ಮತ್ತು ಎಲ್‌ಐ. ಬಣ್ಣ, ಓಡುವ ಅಕ್ಷರಗಳ ಗೋಜು ಆಮೇಲಿರಲಿ.

ಹೆಚ್ಚಿನವರು ಎಡವುವುದು ಟ್ಯಾಗ್‌ನಲ್ಲಲ್ಲ, ಫೈಲ್ ಸೇವ್ ಮಾಡುವಲ್ಲಿ. ವೆಬ್ ಪುಟದ ಫೈಲ್ ಹೆಸರು ಡಾಟ್ ಎಚ್‌ಟಿಎಂಎಲ್ ಎಂದು ಮುಗಿಯಬೇಕು. ಆದರೆ ನೋಟ್‌ಪ್ಯಾಡ್ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಸೇರಿಸಿಬಿಡುತ್ತದೆ, ವಿಂಡೋಸ್ ಅದನ್ನು ಮರೆಮಾಡುತ್ತದೆ. ಹಾಗಾಗಿ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿಸಿಯೇ ಪಾಠ ಆರಂಭಿಸಿ. ಸೇವ್ ಮಾಡುವಾಗ ಆಲ್ ಫೈಲ್ಸ್ ಆರಿಸಿ, ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ರೀತಿ) ಯುಟಿಎಫ್-8 ಇರಲಿ.

ಒಂದು ಸಾಲು ಬರೆ, ಸೇವ್ ಮಾಡು, ಬ್ರೌಸರ್‌ನಲ್ಲಿ ಎಫ್5 ಒತ್ತಿ ನೋಡು: ಈ ಅಭ್ಯಾಸ ಕೈಗೆ ಹತ್ತಲೇಬೇಕು. ಇಪ್ಪತ್ತು ಸಾಲು ಒಟ್ಟಿಗೆ ಬರೆದರೆ ಮುಚ್ಚದ ಟ್ಯಾಗ್ ಎಲ್ಲಿದೆಯೆಂದು ಸಿಗುವುದಿಲ್ಲ. ಕೆಳಗಿನ ಪ್ಯಾರಾಗಳೂ ದೊಡ್ಡ ದಪ್ಪಕ್ಷರವಾಗಿದ್ದರೆ ಎಚ್1 ಮುಚ್ಚಿಲ್ಲವೆಂದೇ ಅರ್ಥ. ಒಂದು ಕಂಪ್ಯೂಟರಿಗೆ ಇಬ್ಬರನ್ನು ಕೂರಿಸಿ, ಕಡಿಮೆ ಗೊತ್ತಿರುವವರ ಕೈಗೇ ಕೀಲಿಮಣೆ ಕೊಡಿ.

ಪ್ರಶ್ನೆ: ಕನ್ನಡ ಸುತ್ತೋಲೆಯನ್ನು ಪುಟಕ್ಕೆ ಹಾಕಿದರೆ ಅರ್ಥವಾಗದ ಅಕ್ಷರಗಳು ಬರುತ್ತವೆ. ಏಕೆ?
– ಪ್ರಥಮ ದರ್ಜೆ ಸಹಾಯಕರು, ಕೋಲಾರ

ಉತ್ತರ: ಯಾವ ಅಕ್ಷರ ಬರುತ್ತಿದೆ ಎಂದು ಮೊದಲು ಗಮನಿಸಿ ನೋಡಿ, ಕಾರಣ ಅಲ್ಲೇ ಇರುತ್ತದೆ.

‘ಕನ್ನಡ’ ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ಪೌಂಡ್ ಚಿಹ್ನೆ, ಕ್ಯೂ ಎಲ್ಲ ಬೆರೆತು ಕಂಡರೆ, ಅದು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪಾದದ್ದು. ಆ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತದೆ. ಪೋಷಕರ ಮೊಬೈಲಿನಲ್ಲಿ ಆ ಫಾಂಟ್ ಇರುವುದಿಲ್ಲ. ಆಸ್ಕಿಯಿಂದ, ಎಲ್ಲ ಯಂತ್ರಗಳಲ್ಲೂ ನಡೆಯುವ ಯೂನಿಕೋಡ್‌ಗೆ ಪರಿವರ್ತಿಸಿ ಹಾಕಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಕಣ್ಣಾರೆ ಓದಿ; ಕೆಡುವುದು ಹೆಚ್ಚಾಗಿ ಅಲ್ಲೇ.

ತಲೆಯ ಮೇಲೆ ಗೆರೆಯಿರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟ್ಟ 2 ಅಥವಾ 3 ಮತ್ತೆ ಮತ್ತೆ ಬಂದರೆ ಪಠ್ಯ ಸರಿಯಾಗಿಯೇ ಇದೆ. ಪುಟದ ಆರಂಭದ ಹೆಡ್ ಭಾಗದಲ್ಲಿ, ಬ್ರೌಸರಿಗೆ ಎನ್‌ಕೋಡಿಂಗ್ ತಿಳಿಸುವ ಮೆಟಾ ಚಾರ್‌ಸೆಟ್ ಯುಟಿಎಫ್-8 ಎಂಬ ಸಾಲು ಬಿಟ್ಟುಹೋಗಿದೆ, ಸೇರಿಸಿ.

ಬರೀ ಪ್ರಶ್ನಾರ್ಥಕ ಚಿಹ್ನೆಗಳಾದರೆ ಫೈಲ್ ಆನ್ಸಿಯಲ್ಲಿ (ಕನ್ನಡಕ್ಕೆ ಜಾಗವಿಲ್ಲದ ಹಳೆಯ ಎನ್‌ಕೋಡಿಂಗ್) ಸೇವ್ ಆಗಿದೆ. ಅಕ್ಷರ ಅಳಿಸಿಹೋಗಿದೆ, ಮೂಲ ಪ್ರತಿಯಿಂದ ಮತ್ತೆ ಹಾಕದೆ ಬೇರೆ ದಾರಿಯಿಲ್ಲ.

ಇನ್ನೊಂದು ಮಾತು. ಸಾಲಿನ ಎತ್ತರವನ್ನು (ಲೈನ್-ಹೈಟ್) ಅಕ್ಷರದ ಗಾತ್ರದ 1.6 ಪಟ್ಟು ಇಡಿ. ಸಾಲುಗಳು ಒತ್ತೊತ್ತಾಗಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಗಲುತ್ತದೆ.

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಕಾಣುವ ಫೋಟೋ ಜಾಲತಾಣದಲ್ಲಿ ಕಾಣುವುದಿಲ್ಲ.
– ಸಹಶಿಕ್ಷಕರು, ಶಿರಸಿ

ಉತ್ತರ: ಫೋಟೋದ ವಿಳಾಸ ‘ಸಿ’ ಡ್ರೈವಿನಿಂದ ಶುರುವಾಗಿದ್ದರೆ ಅದು ನಿಮ್ಮ ಯಂತ್ರಕ್ಕಷ್ಟೇ ಗೊತ್ತು. ಫೋಟೋವನ್ನು ಪುಟವಿರುವ ಫೋಲ್ಡರಿಗೇ ತಂದು, ಬರೀ ಹೆಸರು ಬರೆಯಿರಿ. ವಿಂಡೋಸ್ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳಲ್ಲಿ ಭೇದ ಮಾಡುವುದಿಲ್ಲ, ಜಾಲತಾಣ ಇರುವ ಲಿನಕ್ಸ್ ಸರ್ವರ್ ಮಾಡುತ್ತದೆ. ಎಲ್ಲ ಹೆಸರನ್ನೂ ಸಣ್ಣಕ್ಷರದಲ್ಲಿ, ಖಾಲಿ ಜಾಗ ಬಿಡದೆ ಇಡಿ. ಮೊಬೈಲಿನ ಫೋಟೋವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ಹಾಕಿ. ಮಕ್ಕಳ ಫೋಟೋ ಇದ್ದರೆ ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಏರಿಸಬೇಡಿ, ಫೋಟೋದ ಕೆಳಗೆ ಮಗುವಿನ ಹೆಸರು, ತರಗತಿ ಬರೆಯಲೂಬೇಡಿ.